ನಡುಗುವ ಬ್ಲೋವರಿಗೆ 30 ಗ್ರಾಂ ಮದ್ದು

ಮೂಡಿಗೆರೆಯಿಂದ ದೇವರಮನೆಯ ಕಾಲಭೈರವೇಶ್ವರನ ಬೆಟ್ಟದವರೆಗೆ ಹಬ್ಬಿರುವ ಕಾಫಿ ತೋಟಗಳಲ್ಲಿ ಡಿಸೆಂಬರ್, ಜನವರಿ ಎಂದರೆ ಯಂತ್ರಗಳ ತಿಂಗಳು. ಬೆಳಗ್ಗೆ ಕೊಯ್ದ ಹಣ್ಣು ಅಂದೇ ಪಲ್ಪರ್‌ಗೆ ಬೀಳಬೇಕು; ನಾಳೆಗೆ ಉಳಿಸಿದರೆ ರಾಶಿಯೊಳಗೇ ಹುಳಿ ಹಿಡಿಯುತ್ತದೆ. ಸಿಪ್ಪೆ ಬಿಟ್ಟು, ಲೋಳೆ ಕಳೆದುಕೊಂಡು ಬಂದ ಪಾರ್ಚ್‌ಮೆಂಟ್ ಸುಮಾರು ಶೇ 10ರ ತೇವಕ್ಕೆ ಇಳಿಯುವ ತನಕ ಒಣಗಬೇಕು. ಬಿಸಿಲಿದ್ದರೆ ಕಣ ಇದ್ದೇ ಇದೆ. ಕೊಯ್ಲಿನ ನಡುವೆ ಮೋಡ ಕವಿದು ಮಳೆ ಹೊಯ್ದರೆ ಗತಿಯೇನು ಎಂದು ಸೌದೆ ಒಲೆಯ ಡ್ರೈಯರ್ ಹಾಕಿಸಿಕೊಂಡವರೂ ಇದ್ದಾರೆ. ಆ ಡ್ರೈಯರ್‌ನ ಉಸಿರು ಬ್ಲೋವರ್. ಅದು ನಿಂತಿತೋ, ಒಳಗಿರುವ ಕಾಫಿಯ ಬಣ್ಣ, ವಾಸನೆ, ರೇಟು ಮೂರೂ ಹೋದವು.

ಬ್ಲೋವರ್ ಮಾತ್ರ ಒಂದೇ ಸಲಕ್ಕೆ ನಿಲ್ಲುವುದಿಲ್ಲ. ಮೊದಲು ಗುಂಯ್ ಅನ್ನುವ ಸದ್ದಿನಲ್ಲಿ ಒಂದು ಒಡಕು ಕೇಳುತ್ತದೆ. ಆಮೇಲೆ ತಗಡು ಬಡಿದುಕೊಳ್ಳುತ್ತದೆ, ಬೋಲ್ಟು ಸಡಿಲವಾಗುತ್ತದೆ. "ರೈಟ್ರೇ, ಬೇರಿಂಗ್ ಹೋಗಿದೆ" ಎಂದು ಡ್ರೈಯರ್ ನೋಡಿಕೊಳ್ಳುವವನು ತೋಟದ ಲೆಕ್ಕ ಬರೆಯುವ ರೈಟರಿಗೆ ಬಂದು ಹೇಳುತ್ತಾನೆ. ಪೇಟೆಯಿಂದ ಹೊಸ ಬೇರಿಂಗ್ ಬರುತ್ತದೆ, ಫಿಟ್ಟರ್ ಕೂರಿಸಿ ಹೋಗುತ್ತಾನೆ. ಕೆಲವು ದಿನಕ್ಕೆ ಅದೂ ಹೋಗುತ್ತದೆ. ಬೇರಿಂಗ್ ಸಾಯುತ್ತಿರುವುದು ನಿಜ, ಆದರೆ ಕೊಲ್ಲುತ್ತಿರುವುದು ಪಕ್ಕದಲ್ಲೇ ಸುತ್ತುತ್ತಿರುವ ಫ್ಯಾನು. ಅದರ ಒಂದು ಮಗ್ಗುಲು ಇನ್ನೊಂದಕ್ಕಿಂತ ಕೆಲವು ಗ್ರಾಂ ಭಾರವಾಗಿರುತ್ತದೆ, ಅಷ್ಟೆ.

ಕೆಲವು ಗ್ರಾಂಗೆ ಇಷ್ಟು ರಂಪವೇ ಎಂದರೆ, ಲೆಕ್ಕ ನೋಡಿ. ನಾಲ್ಕು ಪೋಲಿನ ಮೋಟರು ಲೋಡಿನಲ್ಲಿ ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 24. ಫ್ಯಾನಿನ ನಡುವಿನಿಂದ 30 ಸೆಂ.ಮೀ. ದೂರದ ಎಲೆಯ ಮೇಲೆ 50 ಗ್ರಾಂ ಕೊಳೆ ಹೆಚ್ಚಾಗಿ ಕೂತಿದೆ ಎನ್ನಿ. ಆ ವೇಗದಲ್ಲಿ ಅದು ಫ್ಯಾನು ಕೂತ ದಂಡವನ್ನು ಸುಮಾರು 35 ಕಿಲೋ ಭಾರದಷ್ಟು ಬಲದಿಂದ ಹೊರಗೆ ಎಳೆಯುತ್ತದೆ. ಸೆಕೆಂಡಿಗೆ 24 ಬಾರಿ ಮೇಲೆ, ಪಕ್ಕಕ್ಕೆ, ಕೆಳಗೆ. ವೇಗ ಅರ್ಧಕ್ಕೆ ಇಳಿದರೆ ಎಳೆತ ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಏಕೆಂದರೆ ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ನಿಧಾನ ಸುತ್ತುವ ಪಲ್ಪರ್ ಎಷ್ಟೇ ಒಡ್ಡೊಡ್ಡಾಗಿದ್ದರೂ ದಶಕಗಟ್ಟಲೆ ನಡೆಯುವುದಕ್ಕೂ, ಅದರ ಪಕ್ಕದ ಬ್ಲೋವರ್ ವರ್ಷಕ್ಕೊಮ್ಮೆ ಕೈಕೊಡುವುದಕ್ಕೂ ಮುಖ್ಯ ಕಾರಣ ಇದೇ.

ಮಲೆನಾಡಿನಲ್ಲಿ ಈ ಗ್ರಾಂಗಳು ಎಲ್ಲಿಂದ ಬರುತ್ತವೆ ಎಂದು ಹುಡುಕುವ ಕಷ್ಟವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಂತ್ರ ನಿಂತಲ್ಲೇ ನಿಂತಿರುತ್ತದೆ. ಚಾರ್ಮಾಡಿಯ ಮಂಜು ತಗಡಿನ ಸಂದಿಯಲ್ಲೆಲ್ಲ ನುಗ್ಗಿ, ತೇವ ಕೆಳಗಡೆಯ ಎಲೆಗಳನ್ನು ಹೆಚ್ಚು ತಿನ್ನುತ್ತದೆ. ಕುಂಬಾರ ಹುಳಕ್ಕೆ ಮಣ್ಣಿನ ಗೂಡು ಕಟ್ಟಲು ಫ್ಯಾನಿನ ಎಲೆಯ ಹಿಂಭಾಗಕ್ಕಿಂತ ಒಳ್ಳೆಯ ಜಾಗ ಬೇಕೆ? ಸೀಸನ್ ಶುರುವಾದ ಮೇಲೆ ಹೊಟ್ಟು, ಹೊಗೆಯ ಜಿಡ್ಡು. ಒಂದೊಂದು ಪದರ ಬಿದ್ದುಹೋದಾಗ ಸಮತೋಲ ದಿಢೀರನೆ ಬದಲಾಗುತ್ತದೆ. ಆದ್ದರಿಂದ ಮೊದಲ ಚಿಕಿತ್ಸೆ ಯಾವ ಕಂಪ್ಯೂಟರೂ ಅಲ್ಲ, ವೈರ್ ಬ್ರಷ್. ಕರೆಂಟ್ ತೆಗೆದು, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಎಲೆಗಳನ್ನು ಹಿಂದೆ ಮುಂದೆ ಉಜ್ಜಿ ತೊಳೆಯುವುದು. ಇಷ್ಟರಲ್ಲೇ ನಡುಕ ನಿಂತುಹೋದರೆ ಮುಂದಿನದನ್ನು ಓದುವ ಅಗತ್ಯವೂ ಇಲ್ಲ.

ನಿಲ್ಲದಿದ್ದರೆ? ಹಳೆಯ ದಾರಿ ಎಂದರೆ ಫ್ಯಾನು ಬಿಚ್ಚಿ ಹಾಸನಕ್ಕೋ ಮಂಗಳೂರಿಗೋ ಒಯ್ದು, ಬ್ಯಾಲೆನ್ಸಿಂಗ್ ಮೆಷಿನ್ ಇರುವ ವರ್ಕ್‌ಶಾಪಿನಲ್ಲಿ ಸರದಿ ಕಾಯುವುದು. ಕೊಯ್ಲಿನ ನಡುವೆ ಅದು ಆಗದ ಮಾತು. ಇನ್ನೊಂದು ತೊಡಕೂ ಇದೆ. ಮೆಷಿನ್ನಿನ ಮೇಲೆ ಅಚ್ಚುಕಟ್ಟಾಗಿ ತೂಗಿ ತಂದ ಫ್ಯಾನನ್ನು ನಮ್ಮ ದಂಡಕ್ಕೆ ಹಾಕಿ, ಕೀಲಿ ಹೊಡೆದು, ಕಪ್ಲಿಂಗ್ ಬಿಗಿದಾಗ ಹಳೆಯ ಸಡಿಲ, ಹಳೆಯ ಬಾಗು ಎಲ್ಲ ಮತ್ತೆ ಬಂದು ಸೇರಿಕೊಳ್ಳುತ್ತವೆ. ಯಂತ್ರ ಎಲ್ಲಿ ಕೂತು ದುಡಿಯುತ್ತದೋ ಅಲ್ಲೇ, ಅದರ ಸ್ವಂತ ಬೇರಿಂಗುಗಳ ಮೇಲೆ, ಅದರ ಸ್ವಂತ ವೇಗದಲ್ಲಿ ತೂಕ ಸರಿಮಾಡಿದರೆ ಇವೆಲ್ಲವೂ ಲೆಕ್ಕದೊಳಗೇ ಬಂದವು.

ಇದು ಹೊಸ ವಿದ್ಯೆಯೇನೂ ಅಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಇಂಜಿನಿಯರ್ ಥಿಯರ್ಲ್ 1934ರಲ್ಲೇ ಯಂತ್ರಗಳನ್ನು ಇದ್ದ ಜಾಗದಲ್ಲಿ ಸಮತೂಗಿಸುವ ಕ್ರಮವನ್ನು ಬರೆದು ಪ್ರಕಟಿಸಿದ. ನೆಲದಡಿಯ ವಾರಾಹಿ ವಿದ್ಯುದಾಗಾರದಂಥ ಕಡೆ ಟನ್‌ಗಟ್ಟಲೆ ತೂಗುವ ರೋಟರನ್ನು ಬಿಚ್ಚಿ ಲಾರಿಗೆ ಹೇರಿಕೊಂಡು ವರ್ಕ್‌ಶಾಪಿಗೆ ಹೋಗುವುದು ಉಂಟೆ? ಲೆಕ್ಕವನ್ನು ಮೊದಮೊದಲು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದೇ ಮಾಡುತ್ತಿದ್ದರು. 1974ರಲ್ಲಿ ಎಚ್‌ಪಿ-65, 1977ರಲ್ಲಿ ಟಿಐ-59 ಎಂಬ ಪ್ರೋಗ್ರಾಂ ಮಾಡಬಹುದಾದ ಕ್ಯಾಲ್ಕುಲೇಟರುಗಳು ಬಂದಾಗ ಕಂಪನದ ಇಂಜಿನಿಯರುಗಳು ಹಬ್ಬ ಮಾಡಿದರು. ಬೆರಳಗಲದ ಅಯಸ್ಕಾಂತೀಯ ಪಟ್ಟಿಯೊಂದನ್ನು ತೂರಿಸಿದರೆ ಸೈನು, ಕೊಸೈನುಗಳ ಗೋಳೆಲ್ಲ ಯಂತ್ರದ ಪಕ್ಕದಲ್ಲೇ ಮುಗಿಯುತ್ತಿತ್ತು. ಆಮೇಲೆ ಸೂಟ್‌ಕೇಸಿನ ಗಾತ್ರದ ಅನಲೈಸರ್, ಆಮೇಲೆ ಲ್ಯಾಪ್‌ಟಾಪ್.

ಆದರೆ ಅವೆಲ್ಲ ದೊಡ್ಡವರ ಮನೆಯ ಸಾಮಾನು. ಕಳಸದ ಆಚೆ ಕುದುರೆಮುಖದಲ್ಲಿ ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದ ಗಣಿ 2005ರ ಕೊನೆಯವರೆಗೂ ನಡೆಯಿತು. ಅಂಥ ಉದ್ಯಮಗಳಿಗೆ ಕಂಪನ ಅಳೆಯಲಿಕ್ಕೇ ಉಪಕರಣ ಇರುತ್ತದೆ, ಅದನ್ನು ಕಲಿತವರೂ ಇರುತ್ತಾರೆ. ಒಂದು ಡ್ರೈಯರ್, ಒಂದು ಹಲ್ಲರ್, ಎರಡು ಪಂಪ್‌ಸೆಟ್ಟು ಇಟ್ಟುಕೊಂಡ ಇಪ್ಪತ್ತು ಎಕರೆಯ ತೋಟದವನು ಲಕ್ಷಾಂತರ ರೂಪಾಯಿಯ ಅನಲೈಸರ್ ಎಲ್ಲಿಂದ ತರಬೇಕು?

ತರಬೇಕಾಗಿಲ್ಲ. ಅವನ ಜೇಬಿನ ಮೊಬೈಲಿನಲ್ಲಿ ವೇಗೋತ್ಕರ್ಷ ಅಳೆಯುವ ಸಣ್ಣ ಸೆನ್ಸರ್ ಇದೆ. ಫೋನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡವಾಗುವುದು ಅದರಿಂದಲೇ. ಸಾಮಾನ್ಯ ಫೋನಿನಲ್ಲೂ ಅದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಅಳತೆ ತೆಗೆಯಬಲ್ಲದು. ಸೆಕೆಂಡಿಗೆ 24 ಸಲದ ನಡುಕ ಹಿಡಿಯಲು ಅಷ್ಟು ಧಾರಾಳ ಸಾಕು. ಬೇರಿಂಗಿನೊಳಗಿನ ಗುಂಡು ಸವೆದಾಗ ಬರುವ ಕೀರಲು ಕಂಪನ ಸೆಕೆಂಡಿಗೆ ಸಾವಿರಗಳಲ್ಲಿ ಇರುವುದರಿಂದ ಅದು ಈ ಸೆನ್ಸರಿಗೆ ಸಿಗುವುದಿಲ್ಲ. ಆ ಆಸೆ ಬೇಡ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆಂದು 2016ರಲ್ಲಿ ಬಿಡುಗಡೆ ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಈ ಸೆನ್ಸರಿನ ಅಳತೆಯನ್ನು ಗೆರೆಯಾಗಿ ತೋರಿಸುತ್ತದೆ, ಯಾವ ಆವರ್ತದಲ್ಲಿ ಎಷ್ಟು ನಡುಕ ಎಂದು ವಿಂಗಡಿಸಿಯೂ ಕೊಡುತ್ತದೆ. ಒಮ್ಮೆ ಹಾಕಿಕೊಂಡರೆ ಅಳತೆಗೆ ಇಂಟರ್ನೆಟ್ ಬೇಡ. ಗುಡ್ಡದ ಮರೆಯಲ್ಲಿ ಒಂದು ಕಡ್ಡಿ ಸಿಗ್ನಲ್‌ಗೆ ಕೈ ಮೇಲೆತ್ತಿ ನಿಲ್ಲುವ ನಮಗೆ ಇದು ಸಣ್ಣ ಅನುಕೂಲವಲ್ಲ.

ಒಂದು ಎಚ್ಚರ: ಇದಕ್ಕೆ ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಫೋನು ಒಳ್ಳೆಯದು. ಬಲವಾದ ಕಂಪನದಲ್ಲಿ ಹೆಚ್ಚು ಹೊತ್ತು ಇಟ್ಟರೆ ಕ್ಯಾಮೆರಾದ ಸೂಕ್ಷ್ಮ ಭಾಗಗಳು ಕೆಡಬಹುದು. ಮೋಟರ್ ಸೈಕಲ್ಲಿನ ಹ್ಯಾಂಡಲ್ಲಿಗೆ ಫೋನು ಕಟ್ಟುವವರಿಗೆ ಆಪಲ್ ಕಂಪನಿಯೇ 2021ರಲ್ಲಿ ಈ ಎಚ್ಚರಿಕೆ ಕೊಟ್ಟಿತ್ತು.

ಫೋನನ್ನು ಬೇರಿಂಗ್ ಹೌಸಿಂಗಿನ ಮೇಲೆ ಅಲುಗದಂತೆ ಕಟ್ಟಿ, ಯಂತ್ರ ಓಡಿಸಿದರೆ 24ರ ಜಾಗದಲ್ಲಿ ಒಂದು ಗೋಪುರ ಏಳುತ್ತದೆ. ಅದರ ಎತ್ತರ ನಡುಕದ ಗಾತ್ರ. ಎಷ್ಟು ನಡುಕ ಎಂಬುದು ಸಿಕ್ಕಿತು. ಎತ್ತ ಕಡೆ ಭಾರ ಎಂಬುದು ಸಿಗಲಿಲ್ಲ. ಇಡೀ ವಿದ್ಯೆಯ ಗಂಟು ಇರುವುದು ಇಲ್ಲೇ. ದುಬಾರಿ ಉಪಕರಣದಲ್ಲಿ ದಂಡದ ಮೇಲಿನ ಒಂದು ಗುರುತನ್ನು ಬೆಳಕಿನ ಕಣ್ಣು ಪ್ರತಿ ಸುತ್ತಿಗೂ ನೋಡಿ, ನಡುಕದ ತುದಿ ಆ ಗುರುತಿಗಿಂತ ಎಷ್ಟು ಕೋನ ಹಿಂದೆ ಎಂದು ಹೇಳುತ್ತದೆ. ನಮ್ಮ ಫೋನಿಗೆ ಆ ಕಣ್ಣಿಲ್ಲ. ಕಣ್ಣಿಲ್ಲದೆಯೂ ದಿಕ್ಕು ಹುಡುಕುವ ಉಪಾಯವೊಂದಿದೆ. ನಾಲ್ಕು ಸಲ ಓಡಿಸುವ ತಾಳ್ಮೆ ಬೇಕು.

ಆರು ಎಲೆಯ ಫ್ಯಾನು ಎಂದುಕೊಳ್ಳೋಣ. ಎಲೆಗಳಿಗೆ ಚಾಕ್‌ಪೀಸಿನಲ್ಲಿ 1ರಿಂದ 6ರವರೆಗೆ ನಂಬರ್ ಬರೆಯಿರಿ. ಲೆಕ್ಕ ತಿಳಿಯಲೆಂದು ಸಂಖ್ಯೆಗಳನ್ನು ನಾನೇ ಹಾಕಿಕೊಂಡಿದ್ದೇನೆ. ಹಾಗೇ ಓಡಿಸಿದಾಗ ಫೋನು ತೋರಿಸಿದ್ದು 1.8. ನಿಲ್ಲಿಸಿ, ಒಂದನೇ ಎಲೆಗೆ 20 ಗ್ರಾಂ ತೂಕದ ಬೋಲ್ಟು-ನಟ್ಟು ಬಿಗಿದು ಮತ್ತೆ ಓಡಿಸಿದರೆ 1.98. ಅದೇ ತೂಕವನ್ನು ಮೂರನೇ ಎಲೆಗೆ, ನಡುವಿನಿಂದ ಅಷ್ಟೇ ದೂರಕ್ಕೆ ಬದಲಿಸಿದರೆ 1.17. ಐದನೆಯದಕ್ಕೆ ಬದಲಿಸಿದರೆ 2.96. ಐದರ ಹತ್ತಿರ ಮೊದಲೇ ಭಾರವಿದೆ, ಅಲ್ಲಿ ಇನ್ನೂ ಹೇರಿದೆವು, ಯಂತ್ರ ಕೂಗಿಕೊಂಡಿತು. ಮೂರರ ಹತ್ತಿರ ಹಗುರವಿದೆ, ಅಲ್ಲಿಟ್ಟದ್ದು ಹಿತವಾಯಿತು. ಇಷ್ಟು ಯಾರಿಗಾದರೂ ಹೊಳೆಯುತ್ತದೆ. ಕರಾರುವಾಕ್ಕಾಗಿ ಎಲ್ಲಿ, ಎಷ್ಟು?

ಶಾಲೆಯ ಮಕ್ಕಳ ಜಾಮಿಟ್ರಿ ಪೆಟ್ಟಿಗೆಯಿಂದ ಕೈವಾರ ತೆಗೆಯಿರಿ. ಒಂದಕ್ಕೆ 4 ಸೆಂ.ಮೀ. ಎಂಬ ಅಳತೆ ಹಿಡಿದರೆ 1.8 ಎಂದರೆ 7.2 ಸೆಂ.ಮೀ. ಆ ತ್ರಿಜ್ಯದ ವೃತ್ತ ಬರೆದು, ಅದರ ಅಂಚಿನಲ್ಲಿ 120 ಡಿಗ್ರಿಗೆ ಒಂದರಂತೆ ಮೂರು ಚುಕ್ಕೆ ಇಡಿ: ಒಂದನೇ ಎಲೆ, ಮೂರನೇ ಎಲೆ, ಐದನೇ ಎಲೆ. ಒಂದನೇ ಚುಕ್ಕೆಯಲ್ಲಿ ಮುಳ್ಳೂರಿ 7.9 ಸೆಂ.ಮೀ. ಕಮಾನು, ಮೂರನೆಯದರಿಂದ 4.7, ಐದನೆಯದರಿಂದ 11.8. ಮೂರು ಕಮಾನುಗಳೂ ಹೆಚ್ಚುಕಡಿಮೆ ಒಂದೇ ಬಿಂದುವಿನಲ್ಲಿ ಸಂಧಿಸುತ್ತವೆ. ನಡುವಿನಿಂದ ಆ ಬಿಂದುವಿಗೆ ಗೆರೆ ಎಳೆದರೆ ಅದರ ದಿಕ್ಕೇ ತೂಕ ಕೂರಿಸಬೇಕಾದ ದಿಕ್ಕು: ಒಂದನೇ ಎಲೆಯಿಂದ ಮೂರನೆಯದರ ಕಡೆಗೆ 80 ಡಿಗ್ರಿ. ಗೆರೆಯ ಉದ್ದ 4.8 ಸೆಂ.ಮೀ., ಅಂದರೆ 1.2. ನಾವಿಟ್ಟ 20 ಗ್ರಾಂ ಈ ಯಂತ್ರದಲ್ಲಿ ಹುಟ್ಟಿಸಿದ ನಡುಕ ಅಷ್ಟು. 1.2ಕ್ಕೆ 20 ಗ್ರಾಂ ಆದರೆ 1.8ಕ್ಕೆ? 30 ಗ್ರಾಂ. ನಾಲ್ಕನೇ ಕ್ಲಾಸಿನ ತ್ರೈರಾಶಿ.

80 ಡಿಗ್ರಿಯಲ್ಲಿ ಎಲೆಯೇ ಇಲ್ಲವಲ್ಲ ಎನ್ನುತ್ತೀರಿ. ನಿಜ, ಎರಡನೇ ಎಲೆ ಇರುವುದು 60ರಲ್ಲಿ, ಮೂರನೆಯದು 120ರಲ್ಲಿ. ತೂಕವನ್ನು ಹಂಚಬೇಕು: ಎರಡನೆಯದಕ್ಕೆ 22 ಗ್ರಾಂ, ಮೂರನೆಯದಕ್ಕೆ 12. ಕೂಡಿದರೆ 34 ಆಗುತ್ತದೆ, 30 ಅಲ್ಲ. ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆಯುವುದರಿಂದ ಸ್ವಲ್ಪ ಬಲ ಪರಸ್ಪರ ವ್ಯರ್ಥವಾಗುತ್ತದೆ. ಪರೀಕ್ಷೆಯ ತೂಕ ತೆಗೆದು, ಇವನ್ನು ವೆಲ್ಡ್ ಮಾಡಿ ಅಥವಾ ಬೋಲ್ಟು ಬಿಗಿದು ಐದನೇ ಸಲ ಓಡಿಸಿದಾಗ ಅಳತೆ ಸೊನ್ನೆಗೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಫ್ಯಾನುಗಳಿಗೆ ಅಂತರರಾಷ್ಟ್ರೀಯ ಮಾನಕ ಹೇಳುವ ದರ್ಜೆ ಜಿ 6.3. ನಮ್ಮ ಫ್ಯಾನಿನ ತೂಕ 40 ಕಿಲೋ ಎಂದಾದರೆ, 1,440ರ ವೇಗದಲ್ಲಿ, 30 ಸೆಂ.ಮೀ. ದೂರದಲ್ಲಿ ಸುಮಾರು ಐದೂವರೆ ಗ್ರಾಂ ವ್ಯತ್ಯಾಸವನ್ನು ಆ ದರ್ಜೆ ಸಹಿಸುತ್ತದೆ. ಕಾರಿನ ಚಕ್ರಕ್ಕೆ ಅದೇ ಮಾನಕ ಜಿ 40ರಷ್ಟು ಉದಾರ. ಟಯರ್ ಅಂಗಡಿಯಲ್ಲಿ ಚಕ್ರ ಸುತ್ತಿಸಿ ರಿಮ್ಮಿಗೆ ಸಣ್ಣ ತೂಕ ಅಂಟಿಸುವುದನ್ನು ನೋಡಿದ್ದೀರಲ್ಲ, ಕೆಲಸ ಇದೇ. ಚಕ್ರವನ್ನು ಅಂಗಡಿಗೆ ಒಯ್ಯಬಹುದು, ಡ್ರೈಯರನ್ನು ಒಯ್ಯಲಾಗದು.

ಕೈವಾರ ಬೇಡವೆಂದರೆ ಇದೇ ನಾಲ್ಕು ಸಂಖ್ಯೆಯನ್ನು ಫೋನಿನ ಸ್ಪ್ರೆಡ್‌ಶೀಟಿಗೆ ಕೊಟ್ಟರೆ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ನನಗೆ ಕೈವಾರವೇ ಇಷ್ಟ. ಮೂರು ಕಮಾನು ಒಂದೆಡೆ ಸೇರದೆ ದೂರ ದೂರ ಓಡಿದರೆ ಅಳತೆಯಲ್ಲಿ ಏನೋ ಎಡವಟ್ಟಾಗಿದೆ ಎಂದು ಹಾಳೆಯೇ ಹೇಳುತ್ತದೆ. ಸ್ಪ್ರೆಡ್‌ಶೀಟಿಗೆ ಆ ನಾಚಿಕೆಯಿಲ್ಲ. ಎಂಥ ಸುಳ್ಳು ಸಂಖ್ಯೆ ತುಂಬಿದರೂ ಎರಡು ದಶಮಾಂಶದ ಉತ್ತರ ಕೊಟ್ಟು ಕೂರುತ್ತದೆ.

ಕಮಾನು ಸೇರದಿರಲು ಕಾರಣಗಳು ಹಲವು. ಫೋನು ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಇರಲಿಲ್ಲ. ವೋಲ್ಟೇಜ್ ಇಳಿದು ವೇಗ ಬದಲಾಯಿತು. ಒಮ್ಮೆ ಡ್ಯಾಂಪರ್ ತೆರೆದಿತ್ತು, ಇನ್ನೊಮ್ಮೆ ಮುಚ್ಚಿತ್ತು. ಅಥವಾ ಯಂತ್ರ ಅನುರಣನದ ಹತ್ತಿರ ಓಡುತ್ತಿದೆ, ಅಂದರೆ ಅಡಿಪಾಯದ ಸಹಜ ಕಂಪನವೂ ಫ್ಯಾನಿನ ವೇಗವೂ ಒಂದಾಗಿವೆ. ಹಳೆಯ ಜಂಬಿಟ್ಟಿಗೆಯ ಕಟ್ಟೆಯ ಮೇಲೆ ಚಾನಲ್ ಹಾಕಿ ಕೂರಿಸಿದ ಬ್ಲೋವರುಗಳಲ್ಲಿ ಹೀಗಾಗುವ ಸಾಧ್ಯತೆ ಇದ್ದೇ ಇದೆ. ಅಲ್ಲಿ ತೂಕ ಹಾಕುತ್ತಾ ಹೋಗುವುದು ವ್ಯರ್ಥ. ಕಟ್ಟೆ ಗಟ್ಟಿ ಮಾಡಬೇಕು ಅಥವಾ ಬೆಲ್ಟಿನ ಬ್ಲೋವರಾದರೆ ಪುಲ್ಲಿ ಬದಲಿಸಿ ವೇಗ ಸರಿಸಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ನಡುಗುವುದೆಲ್ಲ ತೂಕದ ದೋಷವಲ್ಲ. ಗೋಪುರ 24ರಲ್ಲಿ ಇರದೆ 48ರಲ್ಲಿ ದೊಡ್ಡದಾಗಿದ್ದರೆ ಕಪ್ಲಿಂಗ್ ನೇರವಿದೆಯೇ ನೋಡಿ. ಹಲವಾರು ಸಣ್ಣ ಗೋಪುರಗಳು ಸಾಲಾಗಿ ಎದ್ದರೆ ಎಲ್ಲೋ ಸಡಿಲ. ಸ್ವಿಚ್ ಆಫ್ ಮಾಡಿದ ಕ್ಷಣದಲ್ಲೇ, ಫ್ಯಾನು ಇನ್ನೂ ಪೂರ್ತಿ ವೇಗದಲ್ಲಿ ಸುತ್ತುತ್ತಿರುವಾಗಲೇ, ನಡುಕ ಮಾಯವಾದರೆ ತಪ್ಪು ಮೋಟರಿನ ಕರೆಂಟಿನಲ್ಲಿದೆ. ವೇಗ ಇಳಿದಂತೆ ನಡುಕವೂ ನಯವಾಗಿ ಇಳಿದರೆ ಆಗ ತೂಕದ ಮೇಲೆ ಅನುಮಾನ ಪಡಬಹುದು. ದಂಡ ಬಾಗಿದ್ದರೂ, ಬೋಲ್ಟು ಸಡಿಲವಿದ್ದರೂ ತೂಕ ಕಟ್ಟಿ ಅಳತೆಯನ್ನೇನೋ ಇಳಿಸಬಹುದು. ಆದರೆ ಅದು ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ ಹಾಗೆ. ಈ ಪರೀಕ್ಷೆಗಳನ್ನು ಬಿಟ್ಟು ನೇರ ಆ್ಯಪ್ ತೆರೆಯುವವರಿಗಿಂತ, ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡುವ, ಬೇರಿಂಗಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ಅದರ ಹಿಡಿಗೆ ಕಿವಿ ಕೊಡುವ ಹಳೆಯ ಫಿಟ್ಟರ್ ಎಷ್ಟೋ ಮೇಲು. ಅವನ ಕೈಗೆ ಫೋನು ಸಿಕ್ಕರೆ ಇನ್ನೂ ಮೇಲು.

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹೊಟ್ಟು ಹೀರುವ ಫ್ಯಾನುಗಳಿಗೂ ಇದೇ ಕ್ರಮ ನಡೆಯುತ್ತದೆ. ಕಾಳನ್ನು ತೂಕದ ಮೇಲೆ ಬೇರ್ಪಡಿಸುವ ಗ್ರಾವಿಟಿ ಸೆಪರೇಟರಿನ ನಡುಕವನ್ನು ಮಾತ್ರ ನಿಲ್ಲಿಸಲು ಹೋಗಬೇಡಿ, ಅದು ನಡುಗುವುದಕ್ಕೇ ಹುಟ್ಟಿದ್ದು! ಉದ್ದನೆಯ ಉರುಳೆಗಳ, ಮೆಣಸು ಬಿಡಿಸುವ ಡ್ರಮ್ಮಿನಂಥವುಗಳ ವಿಷಯ ಬೇರೆ. ಎಡತುದಿಯಲ್ಲಿ ಮೇಲೆ ಭಾರ, ಬಲತುದಿಯಲ್ಲಿ ಕೆಳಗೆ ಭಾರ ಇದ್ದರೆ ನಿಲ್ಲಿಸಿ ನೋಡಿದಾಗ ಸಮತೂಕವೆಂದೇ ಕಾಣುತ್ತದೆ. ಸುತ್ತಿದಾಗ ಎರಡೂ ತುದಿ ವಿರುದ್ಧ ದಿಕ್ಕಿಗೆ ಒದರುತ್ತವೆ. ಅಲ್ಲಿ ಎರಡು ಸಮತಲಗಳಲ್ಲಿ ಒಟ್ಟಿಗೇ ಲೆಕ್ಕ ಹಾಕಬೇಕು, ಕೋನ ತಿಳಿಸುವ ಉಪಕರಣ ಬೇಕು. ಅದನ್ನು ಗೊತ್ತಿದ್ದವರಿಗೆ ಬಿಡುವುದೇ ಸರಿ.

ಜೀವದ ಮಾತೂ ಒಂದಿದೆ. 30 ಸೆಂ.ಮೀ. ದೂರದಲ್ಲಿ 1,440ರ ವೇಗದಲ್ಲಿ ಸುತ್ತುವ ಬೋಲ್ಟು ಗಂಟೆಗೆ 160 ಕಿ.ಮೀ. ಮೀರಿ ಓಡುತ್ತಿರುತ್ತದೆ. ಪರೀಕ್ಷೆಯ ಆ 20 ಗ್ರಾಂ ಬೋಲ್ಟನ್ನೇ ಸುಮಾರು 14 ಕಿಲೋ ಭಾರದ ಬಲ ಹೊರಗೆಳೆಯುತ್ತದೆ. ಅಯಸ್ಕಾಂತದ ತುಂಡು, ಅಂಟು ಟೇಪು, ಬೈಂಡಿಂಗ್ ವಯರ್ ಇದಕ್ಕೆ ಲಾಯಕ್ಕಲ್ಲ. ತೂತು ಕೊರೆದು ಲಾಕ್ ನಟ್ ಹಾಕಬೇಕು, ಕವಚ ಮುಚ್ಚಿಯೇ ಓಡಿಸಬೇಕು, ಫ್ಯಾನು ಸುತ್ತುವ ಸಮತಲದ ನೇರಕ್ಕೆ ಯಾರೂ ನಿಲ್ಲಬಾರದು. ನೋಡಲು ಬಂದ ಮಕ್ಕಳನ್ನು ಕಣದ ಆಚೆಗೆ ಕಳಿಸಿ.

ಕೆಲಸ ಮುಗಿದ ಮೇಲೆ ಫೋನು ಕಟ್ಟಿದ ಜಾಗಕ್ಕೆ ಪೇಂಟಿನ ಗುರುತು ಹಾಕಿ, ನಾಲ್ಕು ಅಳತೆ, ಪರೀಕ್ಷೆಯ ತೂಕ, ಎಲೆಯ ನಂಬರ್ ಇಷ್ಟನ್ನು ತೋಟದ ಲೆಕ್ಕದ ಪುಸ್ತಕದಲ್ಲಿ ರೈಟರ ಕೈಯಲ್ಲಿ ಬರೆಸಿಡುವುದು ಒಳ್ಳೆಯದು. ಈ ಬ್ಲೋವರಿನಲ್ಲಿ ಒಂದು ಗ್ರಾಂಗೆ 0.06 ನಡುಕ ಎಂಬುದು ಆ ಸಂಖ್ಯೆಗಳಿಂದ ತಿಳಿದಿದೆ. ಮುಂದಿನ ವರ್ಷ ತೊಳೆದ ಮೇಲೂ 0.9 ತೋರಿಸಿದರೆ ಬೇಕಾದದ್ದು 15 ಗ್ರಾಂ ಎಂದು ಓಡಿಸಿದ ಮೊದಲ ಸಲವೇ ಗೊತ್ತಾಗುತ್ತದೆ. ಆ 15 ಗ್ರಾಂ ಅನ್ನು ಯಾವುದಾದರೊಂದು ಎಲೆಗೆ ಕಟ್ಟಿ ಇನ್ನೊಮ್ಮೆ ಅಳೆದರೆ, ಅದು ಕೂರಬೇಕಾದ ಜಾಗ ಎರಡರಲ್ಲಿ ಒಂದು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಂದರಲ್ಲಿ ಕಟ್ಟಿ ನೋಡಿ, ಇಳಿಯದಿದ್ದರೆ ಇನ್ನೊಂದರಲ್ಲಿ.